ಓದುಗರ ಪ್ರಶ್ನೆಗಳಿಗೆ ಉತ್ತರ: ವಿಷಶೇಷವನ್ನು ಒಡೆಯುವ ಕಿಣ್ವಗಳು

ಕಿಣ್ವವನ್ನು ಸಣ್ಣ ಮಣಿಗಳಿಗೆ ಅಂಟಿಸಿ, ಕೀಟನಾಶಕ ಬೆರೆತ ನೀರನ್ನು ಆ ಮಣಿಗಳ ನಡುವೆ ಹಾಯಿಸಿದರೆ ವಿಷ ಒಡೆದುಹೋಗುತ್ತದೆ ಎಂದು ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಆ ನಾಲ್ಕು ಸಾಲುಗಳಿಗೆ ಬಂದಷ್ಟು ಪತ್ರಗಳು ಈ ಅಂಕಣದ ಬೇರೆ ಯಾವ ಬರಹಕ್ಕೂ ಬಂದಿಲ್ಲ. ಹೊಲದವರು, ಅಡುಗೆಮನೆಯವರು, ಪ್ರಯೋಗಾಲಯದವರು, ಬಟ್ಟೆ ತೊಳೆಯುವ ಘಟಕದವರು ತಮ್ಮ ತಮ್ಮ ಕಷ್ಟವನ್ನು ಮುಂದಿಟ್ಟು ಕೇಳಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಚಾರಕ್ಕೆ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟು ಊರು, ವೃತ್ತಿಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಕಿಣ್ವವನ್ನು ‘ಕಟ್ಟಿಹಾಕುವುದು’ ಎಂದರೆ ಏನು? ನೀರಿಗೆ ನೇರವಾಗಿ ಹಾಕಿದರೆ ಅದು ಕೆಲಸ ಮಾಡುವುದಿಲ್ಲವೇ? ಮಕ್ಕಳಿಗೆ ಹೇಳಲು ಅನುಕೂಲವಾಗುವಂತೆ ವಿವರಿಸಿ. — ಪ್ರೌಢಶಾಲಾ ಶಿಕ್ಷಕಿ, ಧಾರವಾಡ

ಉತ್ತರ: ನೇರವಾಗಿ ಹಾಕಿದರೂ ಕೆಲಸ ಮಾಡುತ್ತದೆ, ತೊಂದರೆ ಬರುವುದು ಕೆಲಸ ಮುಗಿದ ಮೇಲೆ. ಕಿಣ್ವ ಎಂಬುದು ಒಂದು ಪ್ರೋಟೀನು. ತಾನು ಖರ್ಚಾಗದೆ ಒಂದು ನಿರ್ದಿಷ್ಟ ರಾಸಾಯನಿಕ ಕ್ರಿಯೆಯನ್ನು ಮತ್ತೆ ಮತ್ತೆ ನಡೆಸಿಕೊಡುವುದು ಅದರ ಗುಣ. ಆದರೆ ನೀರಿನಲ್ಲಿ ಕರಗಿದ ಕಿಣ್ವವನ್ನು ಹೆಕ್ಕಿ ತೆಗೆಯುವುದು ಕಷ್ಟವಾದ್ದರಿಂದ, ಇನ್ನೂ ಲಕ್ಷಾಂತರ ಸಲ ದುಡಿಯಬಹುದಾಗಿದ್ದ ಆ ಪ್ರೋಟೀನು ನೀರಿನೊಂದಿಗೇ ಹರಿದುಹೋಗುತ್ತದೆ. ಮಕ್ಕಳಿಗೆ ಮೊಸರಿನ ಹೆಪ್ಪನ್ನು ನೆನಪಿಸಿ. ಒಂದು ಚಮಚ ಹೆಪ್ಪು ಎತ್ತಿಟ್ಟುಕೊಂಡರೆ ನಾಳೆಯ ಹಾಲಿಗೂ ಸಾಕು, ಏಕೆಂದರೆ ಅದರಲ್ಲಿರುವ ಜೀವಿಗಳು ಬೆಳೆದು ಹೆಚ್ಚುತ್ತವೆ. ಬೇರ್ಪಡಿಸಿ ತೆಗೆದ ಕಿಣ್ವಕ್ಕೆ ಜೀವವಿಲ್ಲ, ಅದು ಹೆಚ್ಚುವುದಿಲ್ಲ. ಇದ್ದಷ್ಟನ್ನೇ ಕಳೆದುಕೊಳ್ಳದೆ ದುಡಿಸಬೇಕು. ಅದಕ್ಕಾಗಿ ಅದನ್ನು ನೀರಿನಲ್ಲಿ ಕರಗದ ಯಾವುದಾದರೊಂದು ವಸ್ತುವಿಗೆ ಅಂಟಿಸಿಯೋ, ಅದರೊಳಗೆ ಹುದುಗಿಸಿಯೋ ಇಡುತ್ತಾರೆ. ನೀರು ಹರಿಯುತ್ತದೆ, ಕಿಣ್ವ ನಿಂತಲ್ಲೇ ನಿಲ್ಲುತ್ತದೆ.

ಈ ವಿದ್ಯೆ ಹಳೆಯದು. 1916ರಲ್ಲಿ ನೆಲ್ಸನ್ ಮತ್ತು ಗ್ರಿಫಿನ್ ಎಂಬ ಅಮೆರಿಕದ ಸಂಶೋಧಕರು ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಕಿಣ್ವ ಇದ್ದಿಲಿಗೆ ಅಂಟಿಕೊಂಡ ಮೇಲೂ ತನ್ನ ಕೆಲಸವನ್ನು ಮುಂದುವರಿಸುತ್ತದೆ ಎಂಬುದನ್ನು ಕಂಡುಕೊಂಡರು. ಅದು ಕಾರ್ಖಾನೆಗೆ ಬರಲು ಐವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು: 1969ರಲ್ಲಿ ಜಪಾನಿನ ತನಾಬೆ ಕಂಪನಿಯಲ್ಲಿ ಚಿಬಾಟ, ತೋಸ ಮತ್ತು ಅವರ ಸಂಗಡಿಗರು ಅಮೈನೋ ಆಮ್ಲಗಳ ತಯಾರಿಕೆಗೆ ಹೀಗೆ ಕಟ್ಟಿಹಾಕಿದ ಕಿಣ್ವವನ್ನು ತುಂಬಿದ ಕೊಳವೆಗಳನ್ನು ಬಳಕೆಗೆ ತಂದರು. ಕಟ್ಟುವ ಬಗೆಗಳು ಹಲವು. ಮೇಲ್ಮೈಗೆ ಸುಮ್ಮನೆ ಅಂಟಿಸುವುದು ಸುಲಭ, ಆದರೆ ನೀರಿನ ಉಪ್ಪು ಅಥವಾ ಹುಳಿ ಬದಲಾದರೆ ಕಿಣ್ವ ಕಳಚಿಕೊಳ್ಳುತ್ತದೆ. ಗ್ಲುಟರಾಲ್ಡಿಹೈಡ್‌ನಂಥ ರಾಸಾಯನಿಕದಿಂದ ಗಟ್ಟಿಯಾಗಿ ಬಂಧಿಸಿದರೆ ಕಳಚುವುದಿಲ್ಲ, ಆದರೆ ಬಂಧಿಸುವಾಗಲೇ ಅದರ ಚುರುಕಿನ ಒಂದು ಪಾಲು ನಷ್ಟವಾಗಬಹುದು. ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್ ಎಂಬ ಅಂಟಿನ ಮಣಿಗಳೊಳಗೆ ಹುದುಗಿಸುವುದು ಕಾಲೇಜುಗಳಲ್ಲಿ ಹೆಚ್ಚು ರೂಢಿ. ಅದರ ಮಾತು ಮುಂದೆ ಬರುತ್ತದೆ.

ಪ್ರಶ್ನೆ: ನಮ್ಮದು ಆರು ಎಕರೆ ದ್ರಾಕ್ಷಿ ತೋಟ. ಎಣ್ಣೆ (ಕೀಟನಾಶಕ) ಹೊಡೆದ ಮೇಲೆ ಪಂಪು, ಟ್ಯಾಂಕು ತೊಳೆದ ನೀರನ್ನು ಬದುವಿನ ಆಚೆ ಚೆಲ್ಲುತ್ತೇವೆ. ಅಲ್ಲೇ ಐವತ್ತು ಅಡಿ ದೂರದಲ್ಲಿ ಕೊಳವೆಬಾವಿ ಇದೆ. ಈ ಕಿಣ್ವದಿಂದ ಆ ನೀರನ್ನು ಶುದ್ಧ ಮಾಡಿಕೊಳ್ಳಬಹುದೇ? — ದ್ರಾಕ್ಷಿ ಬೆಳೆಗಾರರು, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಓದಿ ಸಮಾಧಾನವಾಯಿತು, ಏಕೆಂದರೆ ಈ ಕಿಣ್ವಗಳು ನಿಜವಾಗಿ ಉಪಯೋಗಕ್ಕೆ ಬರುವುದು ನೀವು ಹೇಳಿದ ಜಾಗದಲ್ಲೇ. ಇಡೀ ಹೊಲದಲ್ಲಿ ತೆಳುವಾಗಿ ಹರಡಿಹೋದ ವಿಷವನ್ನು ಕಿಣ್ವದಿಂದ ಹುಡುಕಿ ಒಡೆಯುವುದು ಅಸಾಧ್ಯಕ್ಕೆ ಸಮೀಪವಾದ ಕೆಲಸ. ಆದರೆ ಒಂದೇ ಕಡೆ ದಟ್ಟವಾಗಿ ಸೇರುವ ತೊಳೆದ ನೀರು ಹಿಡಿತಕ್ಕೆ ಸಿಗುತ್ತದೆ.

ಈ ಬಗೆಯ ಕಿಣ್ವಗಳಲ್ಲಿ ಬಹಳವಾಗಿ ಅಧ್ಯಯನಗೊಂಡಿರುವುದು ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳನ್ನು ಒಡೆಯುವ ಫಾಸ್ಫೋಟ್ರೈಎಸ್ಟರೇಸ್. ಅದರ ಕಥೆಯಲ್ಲಿ ಒಬ್ಬ ಭಾರತೀಯ ವಿಜ್ಞಾನಿಯ ಪಾತ್ರ ದೊಡ್ಡದು. ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಿಗೆ ಡಯಾಜಿನಾನ್ ಎಂಬ ಕೀಟನಾಶಕವನ್ನು ಪದೇ ಪದೇ ಹಾಕಿದಾಗ, ಅದು ಮೊದಲಿಗಿಂತ ಬಹಳ ಬೇಗ ಮಾಯವಾಗುತ್ತಿರುವುದು ಕಂಡುಬಂತು. ಮುಂದೆ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ ಎನ್. ಸೇತುನಾಥನ್ ಅವರು ಯೋಶಿದಾ ಎಂಬ ಸಹೋದ್ಯೋಗಿಯ ಜೊತೆಗೂಡಿ, ಆ ಗದ್ದೆಯ ನೀರಿನಿಂದ ಡಯಾಜಿನಾನ್ ಮತ್ತು ಪ್ಯಾರಾಥಿಯಾನ್‌ಗಳನ್ನು ಒಡೆಯುವ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ 1973ರಲ್ಲಿ ಪ್ರಕಟಿಸಿದರು. ಇಂಥದೇ ಕಿಣ್ವವುಳ್ಳ ಇನ್ನೊಂದು ಬ್ಯಾಕ್ಟೀರಿಯಾ ಅಮೆರಿಕದಲ್ಲೂ ಸಿಕ್ಕಿತು. ಪ್ಯಾರಾಥಿಯಾನ್ ಮನುಷ್ಯನ ಕೈಯಿಂದ ಹುಟ್ಟಿದ್ದೇ 1940ರ ದಶಕದಲ್ಲಿ. ಅಷ್ಟು ಹೊಸ ವಿಷವನ್ನು ಇಷ್ಟು ಅಚ್ಚುಕಟ್ಟಾಗಿ ಒಡೆಯುವ ಕಿಣ್ವ ಮೂವತ್ತು ವರ್ಷಗಳೊಳಗೆ ಮಣ್ಣಿನಲ್ಲಿ ಕಾಣಿಸಿಕೊಂಡದ್ದು ನನಗೆ ಇಂದಿಗೂ ಬೆರಗಿನ ಸಂಗತಿ. ಪ್ಯಾರಾಥಿಯಾನ್‌ನ ಹೆಚ್ಚು ವಿಷಕಾರಿ ರೂಪವಾದ ಪ್ಯಾರಾಆಕ್ಸಾನ್‌ನ ಸುಮಾರು 2000 ಅಣುಗಳನ್ನು ಈ ಕಿಣ್ವದ ಒಂದೇ ಅಣು ಒಂದು ಸೆಕೆಂಡಿನಲ್ಲಿ ಕತ್ತರಿಸಬಲ್ಲದು, ಮತ್ತು ಅದಕ್ಕೆ ಬೇಕಾದ ಸಾಮಗ್ರಿ ನೀರು ಮಾತ್ರ. ಡಗ್ಲಸ್ ಮನೆಕ್ ಎಂಬ ವಿಜ್ಞಾನಿ 1970ರ ದಶಕದ ಕೊನೆಯಲ್ಲೇ ಇಂಥ ಕಿಣ್ವವನ್ನು ಗಾಜಿನ ರಂಧ್ರಮಯ ಮಣಿಗಳಿಗೆ ಬಂಧಿಸಿ, ಕೀಟನಾಶಕದ ನೀರನ್ನು ಅದರ ಮೂಲಕ ಹಾಯಿಸಿ ತೋರಿಸಿದ್ದರು.

ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯವರು ಇದೇ ಕುಲದ ಮತ್ತೊಂದು ಕಿಣ್ವವನ್ನು ಪುಡಿಯ ರೂಪಕ್ಕೆ ತಂದರು, ಅದು ಲ್ಯಾಂಡ್‌ಗಾರ್ಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಹೇನು, ನೊಣಗಳ ಕಾಟಕ್ಕೆ ಕುರಿಗಳನ್ನು ಔಷಧಿಯ ತೊಟ್ಟಿಯಲ್ಲಿ ಅದ್ದಿ ತೆಗೆದ ಮೇಲೆ ಉಳಿಯುವ ನೀರನ್ನು ನಿರ್ವಿಷಗೊಳಿಸುವುದು ಅದರ ಉಪಯೋಗಗಳಲ್ಲೊಂದು. ಇಲ್ಲಿ ಗಮನಿಸಬೇಕಾದ ಅಂಶವಿದೆ: ಲ್ಯಾಂಡ್‌ಗಾರ್ಡ್ ಕಟ್ಟಿಹಾಕಿದ ಕಿಣ್ವವಲ್ಲ, ನೀರಿಗೆ ಸುರಿಯುವ ಕಿಣ್ವ. ಒಂದೇ ತೊಟ್ಟಿಯಲ್ಲಿ ನಿಂತ ನೀರಿಗೆ ಒಮ್ಮೆ ಸುರಿದರೆ ಸಾಕಾಗುತ್ತದೆ. ನೀರು ಬಿಡುವಿಲ್ಲದೆ ಹರಿಯುತ್ತಿರುವ ಕಡೆ ಮಾತ್ರ ಕಟ್ಟುವ ಖರ್ಚಿಗೆ ಅರ್ಥ ಬರುತ್ತದೆ.

ಈಗ ನಿಮ್ಮ ಟ್ಯಾಂಕಿಗೆ ಬರೋಣ. ದ್ರಾಕ್ಷಿಗೆ ನೀವು ಹೊಡೆಯುವುದು ಒಂದೇ ಔಷಧಿಯಲ್ಲ. ಒಂದು ವಾರ ಕೀಟಕ್ಕೆ, ಇನ್ನೊಂದು ವಾರ ಬೂದಿರೋಗಕ್ಕೆ, ಮತ್ತೊಂದು ವಾರ ಬೂಜುರೋಗಕ್ಕೆ. ಫಾಸ್ಫೋಟ್ರೈಎಸ್ಟರೇಸ್ ಒಂದು ಕುಟುಂಬದ ವಿಷವನ್ನು ಮಾತ್ರ ಬಲ್ಲದು. ಆ ಕುಟುಂಬದೊಳಗೂ ಅದಕ್ಕೆ ಮೆಚ್ಚಿನವು, ಒಲ್ಲದವು ಎಂದಿವೆ. ಕ್ಲೋರ್‌ಪೈರಿಫಾಸ್ ಅನ್ನು ಅದು ಪ್ಯಾರಾಆಕ್ಸಾನ್‌ಗಿಂತ ನೂರಾರು ಪಟ್ಟು ನಿಧಾನವಾಗಿ ಒಡೆಯುತ್ತದೆ. 2004ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ವಿಶ್ವವಿದ್ಯಾಲಯದ ತಂಡವೊಂದು ಕಿಣ್ವದ ವಂಶವಾಹಿಯನ್ನು ಮಾರ್ಪಡಿಸುತ್ತ ಹೋಗಿ, ಕ್ಲೋರ್‌ಪೈರಿಫಾಸ್ ಮೇಲಿನ ಅದರ ದಕ್ಷತೆಯನ್ನು 725 ಪಟ್ಟು ಹೆಚ್ಚಿಸಿತು ಎಂಬುದು ಒಳ್ಳೆಯ ಸುದ್ದಿ. ಆದರೆ ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕದ ಮುಂದೆ ಆ ಕಿಣ್ವಕ್ಕೂ ಕೆಲಸವಿಲ್ಲ.

ಆದ್ದರಿಂದ ನಿಮ್ಮಂಥ ತೋಟಕ್ಕೆ ನಾನು ಹೇಳುವುದು ಸ್ವೀಡನ್ನಿನ ರೈತರು 1990ರ ದಶಕದ ಆರಂಭದಿಂದ ಮಾಡಿಕೊಂಡು ಬಂದಿರುವ ಉಪಾಯವನ್ನು. ಅದನ್ನು ಅವರು ಬಯೋಬೆಡ್ ಎನ್ನುತ್ತಾರೆ, ನಾವು ಜೈವಿಕ ಗುಂಡಿ ಎನ್ನಬಹುದು. ಸುಮಾರು ಎರಡು ಅಡಿ ಆಳದ ಗುಂಡಿ ತೋಡಿ, ತಳಕ್ಕೆ ನೀರು ಇಳಿಯದಂತೆ ಜೇಡಿಮಣ್ಣಿನ ಪದರ ಹಾಕಿ, ಅದರ ಮೇಲೆ ಅರ್ಧ ಪಾಲು ಒಣ ಹುಲ್ಲು, ಕಾಲು ಪಾಲು ಮೇಲ್ಮಣ್ಣು, ಕಾಲು ಪಾಲು ಪೀಟ್ ಎಂಬ ಜೌಗು ಮಣ್ಣನ್ನು ಬೆರೆಸಿ ತುಂಬುತ್ತಾರೆ; ಮೇಲೆ ಹುಲ್ಲು ಬೆಳೆಸುತ್ತಾರೆ. ಪಂಪು ತುಂಬಿಸುವುದೂ ತೊಳೆಯುವುದೂ ಆ ಗುಂಡಿಯ ಮೇಲೆಯೇ. ಒಣ ಹುಲ್ಲಿನ ಮೇಲೆ ಬೆಳೆಯುವ ಬಿಳಿ ಶಿಲೀಂಧ್ರಗಳು ಗಟ್ಟಿಯಾದ ನಾರನ್ನು ಕರಗಿಸಲೆಂದು ಲ್ಯಾಕೇಸ್, ಪೆರಾಕ್ಸಿಡೇಸ್ ಮುಂತಾದ ಕಿಣ್ವಗಳನ್ನು ಸುರಿಸುತ್ತವೆ. ಆಯ್ಕೆಯಲ್ಲಿ ಅಷ್ಟೇನೂ ಬಿಗಿಯಿಲ್ಲದ ಆ ಕಿಣ್ವಗಳು ನಾರಿನ ಜೊತೆಗೆ ಹಲವು ಬಗೆಯ ಕೀಟನಾಶಕಗಳನ್ನೂ ಒಡೆಯುತ್ತವೆ. ಮಣ್ಣಿನ ಕಣಗಳಿಗೆ, ನಾರಿಗೆ ಅಂಟಿಕೊಂಡೇ ಕೆಲಸ ಮಾಡುವ ಇವು ನಿಸರ್ಗವೇ ಕಟ್ಟಿಹಾಕಿದ ಕಿಣ್ವಗಳು, ಮತ್ತು ಪ್ರಯೋಗಾಲಯದ ಮಣಿಗಳಂತೆ ಅಲ್ಲದೆ, ಶಿಲೀಂಧ್ರ ಬದುಕಿರುವಷ್ಟು ಕಾಲ ಹೊಸದಾಗಿ ಹುಟ್ಟುತ್ತಲೂ ಇರುತ್ತವೆ. ನಮ್ಮಲ್ಲಿ ಪೀಟ್ ಬದಲು ತೆಂಗಿನ ನಾರಿನ ಪುಡಿ, ಗೋಧಿ ಹುಲ್ಲಿನ ಬದಲು ಭತ್ತದ ಹುಲ್ಲು ಅಥವಾ ಕಬ್ಬಿನ ರವದಿ ಹಾಕಿ ನೋಡಬಹುದು; ತಳದ ಪದರಕ್ಕೆ ನಿಮ್ಮ ಎರೆಮಣ್ಣು ಚೆನ್ನಾಗಿ ಒದಗುತ್ತದೆ, ಆದರೆ ಬೇಸಿಗೆಯಲ್ಲಿ ಎರೆ ಬಿರುಕು ಬಿಡುವುದರಿಂದ ಅದರ ಕೆಳಗೆ ದಪ್ಪ ತಾಡಪತ್ರಿಯನ್ನೂ ಹಾಸಬೇಕು. ಮಳೆನೀರು ತುಂಬದಂತೆ ಮೇಲೊಂದು ತಗಡಿನ ಮಾಡು ಇರಲಿ, ಮಿಶ್ರಣ ಪೂರ್ತಿ ಒಣಗದಂತೆಯೂ ನೋಡಿಕೊಳ್ಳಿ. ಕೆಲವು ವರ್ಷಗಳಿಗೊಮ್ಮೆ ಹಳೆಯ ಮಿಶ್ರಣವನ್ನು ತೆಗೆದು, ಒಂದು ವರ್ಷ ರಾಶಿ ಹಾಕಿ ಕೊಳೆಯಲು ಬಿಟ್ಟು, ಹೊಸದನ್ನು ತುಂಬಬೇಕು. ಗುಂಡಿ ತೋಡುವ ಮೊದಲು ನಿಮ್ಮ ಕೃಷಿ ವಿಜ್ಞಾನ ಕೇಂದ್ರದವರಿಗೆ ಜಾಗವನ್ನು ತೋರಿಸಿ. ಕೊಳವೆಬಾವಿಯಿಂದ ಐವತ್ತು ಅಡಿ ಎಂಬುದು ತೀರ ಹತ್ತಿರ. ಗುಂಡಿ ಆಗಲಿ, ಆಗದಿರಲಿ, ತೊಳೆಯುವ ಜಾಗವನ್ನು ಈ ವಾರವೇ ಬೇರೆಡೆಗೆ ಸಾಗಿಸಿ. ಖಾಲಿ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಟ್ಯಾಂಕಿಗೇ ಸುರಿದು ಬೆಳೆಗೆ ಹೊಡೆದುಬಿಟ್ಟರೆ ಗುಂಡಿಯ ಹೊರೆಯೂ ಕಡಿಮೆಯಾಗುತ್ತದೆ.

ಪ್ರಶ್ನೆ: ಎಂ.ಎಸ್‌ಸಿ. ಯೋಜನೆಗಾಗಿ ಮೀಥೈಲ್ ಪ್ಯಾರಾಥಿಯಾನ್ ಒಡೆಯುವ ಕಿಣ್ವವನ್ನು ಆಲ್ಜಿನೇಟ್ ಮಣಿಗಳಲ್ಲಿ ಇಟ್ಟಿದ್ದೇನೆ. ಮೊದಲ ದಿನ ದ್ರಾವಣ ಚೆನ್ನಾಗಿ ಹಳದಿಯಾಯಿತು. ಮೂರನೇ ಬಳಕೆಗೆ ಮಣಿಗಳು ಮೆತ್ತಗಾಗಿ ಕರಗಿದವು. ಎಲ್ಲಿ ತಪ್ಪಿದೆ, ಮೇಡಂ? — ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನೀವು ಬಳಸಿದ ಬಫರ್ (ಹುಳಿ–ಕ್ಷಾರವನ್ನು ಒಂದೇ ಮಟ್ಟದಲ್ಲಿಡುವ ದ್ರಾವಣ) ಯಾವುದೆಂದು ಪತ್ರದಲ್ಲಿ ಬರೆದಿಲ್ಲ. ಬಹುಮಟ್ಟಿಗೆ ಅದು ಫಾಸ್ಫೇಟ್ ಬಫರ್ ಇರಬೇಕು. ಆಲ್ಜಿನೇಟ್ ಮಣಿ ಗಟ್ಟಿಯಾಗಿ ನಿಂತಿರುವುದು ಕ್ಯಾಲ್ಸಿಯಂನ ಹಿಡಿತದಿಂದ. ಫಾಸ್ಫೇಟ್ ಆ ಕ್ಯಾಲ್ಸಿಯಂ ಅನ್ನು ಎಳೆದುಕೊಂಡುಬಿಡುತ್ತದೆ. ಸಿಟ್ರೇಟ್, ಇಡಿಟಿಎ ಎಂಬ ರಾಸಾಯನಿಕಗಳೂ ಇದನ್ನೇ ಮಾಡುತ್ತವೆ. ಟ್ರಿಸ್ ಬಫರಿಗೆ ಬದಲಿಸಿ, ಅದರಲ್ಲಿ ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ನೋಡಿ. ಇದು ಪ್ರಯೋಗಾಲಯದ ಚಿಕ್ಕ ಎಡವಟ್ಟು ಎಂದು ಬಿಡಬೇಡಿ, ವರದಿಯಲ್ಲಿ ಬರೆಯಿರಿ. ಡಿಎಪಿ ಗೊಬ್ಬರ ಹಾಕಿದ ಹೊಲದಿಂದ ಹರಿದುಬರುವ ನೀರಿನಲ್ಲೂ ಫಾಸ್ಫೇಟ್ ಇರುತ್ತದೆ, ಆದ್ದರಿಂದ ಹೊಲದಂಚಿನಲ್ಲಿ ಇಡುವ ಸಾಧನಕ್ಕೆ ಬರಿಯ ಆಲ್ಜಿನೇಟ್ ತಕ್ಕದ್ದಲ್ಲ ಎಂಬ ತೀರ್ಮಾನಕ್ಕೆ ನಿಮ್ಮ ಕರಗಿದ ಮಣಿಗಳೇ ಸಾಕ್ಷಿ.

ಇನ್ನೆರಡು ಮಾತು. ಕಿಣ್ವ ಹಾಕದ ಬರಿಯ ಮಣಿಗಳನ್ನೂ ಜೊತೆಜೊತೆಗೆ ಪರೀಕ್ಷಿಸಿದ್ದೀರಾ? ನೀರಿನಿಂದ ಕೀಟನಾಶಕ ಕಾಣೆಯಾದ ಮಾತ್ರಕ್ಕೆ ಅದು ಒಡೆದಿದೆ ಎನ್ನಲಾಗದು. ಮಣಿ ಅದನ್ನು ಹೀರಿಕೊಂಡು ಕುಳಿತಿರಬಹುದು. ಹೀರಿದ ವಿಷ ವಿಷವಾಗಿಯೇ ಇರುತ್ತದೆ. ಈ ಒಂದು ಹೋಲಿಕೆ ಇಲ್ಲದ ಕಾರಣಕ್ಕೆ ನಂಬಲಾಗದ ಎಷ್ಟೋ ವರದಿಗಳನ್ನು ಪರೀಕ್ಷಕಳಾಗಿ ನಾನು ಓದಿದ್ದೇನೆ. ಎರಡನೆಯದು ಆ ಹಳದಿ ಬಣ್ಣ. ಅದು ಪ್ಯಾರಾನೈಟ್ರೋಫೀನಾಲ್. ಒಡೆಯುವ ಕ್ರಿಯೆ ನಡೆದಿದೆ ಎಂಬುದಕ್ಕೆ ಅದು ಸುಲಭದ ಗುರುತು, ಬಣ್ಣವನ್ನಳೆದರೆ ವೇಗವೂ ತಿಳಿಯುತ್ತದೆ. ಆದರೆ ಅದು ನಿರಪಾಯಕಾರಿಯಲ್ಲ. ಮೂಲ ಕೀಟನಾಶಕಕ್ಕಿಂತ ಅದರ ವಿಷ ಹತ್ತಾರು ಪಟ್ಟು ಕಡಿಮೆ ಎಂಬುದು ನಿಜವಾದರೂ, ಹಳ್ಳಕ್ಕೆ ಬಿಡುವಂಥದ್ದಲ್ಲ. ಮುಂದಿನ ಹಂತದಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೇಕು. ಕ್ಲೋರ್‌ಪೈರಿಫಾಸ್ ಒಡೆದಾಗ ಬರುವ ಟ್ರೈಕ್ಲೋರೋಪಿರಿಡಿನಾಲ್ ಇನ್ನೂ ಕಷ್ಟದ್ದು: ಅದು ಮೂಲ ವಸ್ತುವಿಗಿಂತ ಸುಲಭವಾಗಿ ನೀರಿನಲ್ಲಿ ಕರಗಿ ನೆಲದೊಳಕ್ಕೆ ಇಳಿಯುತ್ತದೆ, ಸೂಕ್ಷ್ಮಜೀವಿಗಳಿಗೂ ಒಗ್ಗುವುದಿಲ್ಲ. ‘ವಿಷ ಒಡೆಯಿತು’ ಎಂದು ಯಾರು ಹೇಳಿದರೂ ‘ಒಡೆದು ಏನಾಯಿತು’ ಎಂದು ಕೇಳುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಿ. ಅಂದಹಾಗೆ, ಮೀಥೈಲ್ ಪ್ಯಾರಾಥಿಯಾನ್ 2018ರಲ್ಲಿ ನಮ್ಮ ದೇಶದಲ್ಲಿ ನಿಷೇಧಗೊಂಡ 12 ಕೀಟನಾಶಕಗಳಲ್ಲಿ ಒಂದು. ಪ್ರಯೋಗಕ್ಕೆ ಹಳೆಯ ಅಂಗಡಿ ಸರಕನ್ನು ತರಬೇಡಿ; ಪ್ರಮಾಣೀಕೃತ ಮಾದರಿಯನ್ನೇ ತರಿಸಿ, ಕೈಗವಸು ಹಾಕಿಕೊಂಡು, ವಿಷದ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೇ ಕೆಲಸ ಮಾಡಿ.

ಪ್ರಶ್ನೆ: ಕಿತ್ತಳೆ, ನಿಂಬೆ ಸಿಪ್ಪೆಗೆ ಬೆಲ್ಲ, ನೀರು ಹಾಕಿ ಮೂರು ತಿಂಗಳು ಇಟ್ಟು ಮನೆಯಲ್ಲೇ ಬಯೋ ಎಂಜೈಮ್ ಮಾಡುತ್ತೇನೆ. ಅದರಲ್ಲಿ ತರಕಾರಿ ನೆನೆಸಿದರೆ ಕೀಟನಾಶಕ ಹೋಗುತ್ತದೆ ಎಂದು ನಮ್ಮ ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಹೇಳುತ್ತಾರೆ. ನಿಮ್ಮ ಲೇಖನದ ಕಿಣ್ವವೂ ಇದೇ ತಾನೇ? — ಗೃಹಿಣಿ, ಬೆಂಗಳೂರು

ಉತ್ತರ: ಎರಡಕ್ಕೂ ಹೆಸರು ಒಂದೇ, ವಸ್ತು ಬೇರೆ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ ಇಟ್ಟಾಗ ನಡೆಯುವುದು ಹುದುಗುವಿಕೆ. ಯೀಸ್ಟು ಮತ್ತು ಬ್ಯಾಕ್ಟೀರಿಯಾಗಳು ಬೆಲ್ಲದ ಸಕ್ಕರೆಯನ್ನು ಮೊದಲು ಆಲ್ಕೋಹಾಲಾಗಿ, ಆಮೇಲೆ ಹುಳಿಯಾಗಿ ಬದಲಿಸುತ್ತವೆ. ಮೂರು ತಿಂಗಳ ಕೊನೆಗೆ ನಿಮ್ಮ ಡಬ್ಬಿಯಲ್ಲಿರುವುದು ಬಹುಪಾಲು ಪರಿಮಳವುಳ್ಳ ತೆಳು ವಿನೆಗರ್. ನೆಲ ಒರೆಸಲು, ಸಿಂಕ್ ತೊಳೆಯಲು ಅದು ಒಳ್ಳೆಯದೇ, ಹಸಿ ಕಸವೂ ಕಡಿಮೆಯಾಗುತ್ತದೆ. ದಯವಿಟ್ಟು ಮಾಡುವುದನ್ನು ಬಿಡಬೇಡಿ. ಆದರೆ ಅದರ ಹುಳಿ ಎಷ್ಟೆಂದರೆ, ಕೀಟನಾಶಕವನ್ನು ಒಡೆಯುವ ಫಾಸ್ಫೋಟ್ರೈಎಸ್ಟರೇಸ್‌ನಂಥ ಕಿಣ್ವ ಅದರಲ್ಲಿ ಕೆಲಸ ಮಾಡಲಾರದು. ಆ ಕಿಣ್ವಕ್ಕೆ ಬೇಕಾದದ್ದು ಹುಳಿಗೆ ವಿರುದ್ಧವಾದ, ತುಸು ಕ್ಷಾರದ ನೀರು. ಅಲ್ಲದೆ ಸಿಪ್ಪೆ, ಬೆಲ್ಲಗಳ ಹುದುಗಿನಲ್ಲಿ ಅಂಥ ಕಿಣ್ವ ಹುಟ್ಟಿಕೊಳ್ಳುತ್ತದೆ ಎನ್ನಲು ಕಾರಣವೂ ಇಲ್ಲ.

ತರಕಾರಿ, ಹಣ್ಣಿಗೆ ಅಡುಗೆ ಸೋಡಾ ಹೆಚ್ಚು ನಂಬಿಗಸ್ತ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಎರಡು ಕೀಟನಾಶಕಗಳನ್ನು ಹಚ್ಚಿ, ಒಂದು ಲೀಟರಿಗೆ 10 ಗ್ರಾಂ ಸೋಡಾ ಕರಗಿಸಿದ ನೀರಿನಲ್ಲಿ 12ರಿಂದ 15 ನಿಮಿಷ ನೆನೆಸಿದಾಗ, ಮೇಲ್ಮೈಯಲ್ಲಿದ್ದ ಥಯಾಬೆಂಡಜೋಲ್‌ನ ನೂರಕ್ಕೆ ಸುಮಾರು 80 ಭಾಗ, ಫಾಸ್ಮೆಟ್‌ನ ನೂರಕ್ಕೆ ಸುಮಾರು 96 ಭಾಗ ಹೋಯಿತು. ಆದರೆ ಸಿಪ್ಪೆಯೊಳಕ್ಕೆ ಇಳಿದ ಪಾಲು ಹೋಗಲಿಲ್ಲ. ಗಿಡದ ರಸದೊಂದಿಗೆ ಕಾಯಿಯೊಳಗೇ ಸೇರುವ ಔಷಧಿಗೆ ಸೋಡಾವೂ ಇಲ್ಲ, ಕಿಣ್ವವೂ ಇಲ್ಲ. ಅದಕ್ಕಿರುವ ಮದ್ದು ಬೆಳೆಗಾರರು ಔಷಧಿ ಹೊಡೆದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾದು ಕೊಯ್ಯುವುದು. ನೆನೆಸಿದ ಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯುವುದನ್ನು ಮರೆಯಬೇಡಿ. ‘ತರಕಾರಿ ತೊಳೆಯುವ ಎಂಜೈಮ್’ ಎಂದು ಯಾರಾದರೂ ಮಾರಲು ಬಂದರೆ ಯಾವ ಕಿಣ್ವ, ಯಾವ ಕೀಟನಾಶಕಕ್ಕೆ, ಎಷ್ಟು ಹೊತ್ತಿನಲ್ಲಿ ಎಂದು ಕೇಳಿ. ಉತ್ತರ ಬಾರದಿದ್ದರೆ ದುಡ್ಡು ಕೊಡಬೇಡಿ.

ಪ್ರಶ್ನೆ: ಐವತ್ತು ವರ್ಷಗಳಿಂದ ಬೋರ್ಡೋ (ತಾಮ್ರವಿರುವ ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆದ ತೋಟ ನಮ್ಮದು. ಮಣ್ಣು ಪರೀಕ್ಷೆಯಲ್ಲಿ ತಾಮ್ರ ಬಹಳ ಹೆಚ್ಚು ಬಂದಿದೆ. ಅದನ್ನು ಒಡೆಯುವ ಕಿಣ್ವ ಇದೆಯೇ? — ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಇಲ್ಲ, ಮುಂದೆಯೂ ಬರುವುದಿಲ್ಲ. ಕಿಣ್ವ ಒಡೆಯುವುದು ಅಣುವಿನೊಳಗಿನ ಬಂಧಗಳನ್ನು; ತಾಮ್ರ ಮೂಲಧಾತು, ಅದರಲ್ಲಿ ಒಡೆಯಲು ಏನೂ ಇಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದ ತೋಟಗಳಲ್ಲಿ ರೂಢಿಗೆ ತಂದ ಲೆಸ್ಲಿ ಕೋಲ್ಮನ್ ಅವರ ಕಾಲದಿಂದ ಇಂದಿನವರೆಗೆ ಸುರಿದ ತಾಮ್ರದಲ್ಲಿ ಬಹುಪಾಲು ಮೇಲ್ಮಣ್ಣಿನಲ್ಲೇ ಕುಳಿತಿದೆ. ಸುಣ್ಣ, ಕೊಟ್ಟಿಗೆ ಗೊಬ್ಬರ, ಸೊಪ್ಪು ಹಾಕಿ ಅದು ಬೇರಿಗೆ ಸುಲಭವಾಗಿ ಸಿಗದಂತೆ ಮಾಡಬಹುದು, ತೆಗೆಯಲಾಗದು. ಇದೇ ಕಾರಣಕ್ಕೆ, ಬೋರ್ಡೋ ತಯಾರಿಸಿದ ಪಾತ್ರೆಗಳ ತೊಳೆದ ನೀರನ್ನು ಮೇಲೆ ಹೇಳಿದ ಜೈವಿಕ ಗುಂಡಿಗೆ ಸುರಿಯಲೂಬಾರದು.

ಪ್ರಶ್ನೆ: ನಮ್ಮೂರಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಈ ಕಿಣ್ವಗಳು ಆಗಲೇ ಇದ್ದಿದ್ದರೆ ನಮ್ಮ ನೆಲ ಉಳಿಯುತ್ತಿತ್ತೇ? — ಅಂಗನವಾಡಿ ಕಾರ್ಯಕರ್ತೆ, ಬೆಳ್ತಂಗಡಿ ತಾಲ್ಲೂಕು

ಉತ್ತರ: ಈ ಪ್ರಶ್ನೆಗೆ ಹೌದು ಎನ್ನಲು ಮನಸ್ಸಾಗುತ್ತದೆ, ಆದರೆ ಸತ್ಯ ಹಾಗಿಲ್ಲ. ಎಂಡೋಸಲ್ಫಾನ್ ಕ್ಲೋರಿನ್ ಹೊತ್ತ ಬೇರೆಯೇ ಕುಲದ ವಿಷ. ಆರ್ಗನೊಫಾಸ್ಫೇಟ್‌ಗಳನ್ನು ಕತ್ತರಿಸುವ ಕಿಣ್ವ ಅದನ್ನು ಮುಟ್ಟುವುದಿಲ್ಲ. ಅದನ್ನು ಮಾರ್ಪಡಿಸುವ ಕಿಣ್ವಗಳನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳಲ್ಲಿ ಗುರುತಿಸಿದ್ದಾರೆ, ಆದರೆ ಅವು ನೀರೊಂದರಿಂದಲೇ ನಡೆಯುವಂಥವಲ್ಲ. ಅವುಗಳಿಗೆ ಜೀವಕೋಶ ಸದಾ ಒದಗಿಸುತ್ತಿರಬೇಕಾದ ಸಹಾಯಕ ಅಣುಗಳು ಬೇಕು, ಕೋಶದಿಂದ ಹೊರತೆಗೆದು ಮಣಿಗೆ ಕಟ್ಟಿದರೆ ಆ ಪೂರೈಕೆಯೇ ನಿಂತುಹೋಗುತ್ತದೆ. ಮಣ್ಣಿನಲ್ಲಿ ತಾನಾಗಿ ಮಾರ್ಪಟ್ಟಾಗಲೂ ಎಂಡೋಸಲ್ಫಾನ್ ಎರಡು ದಾರಿ ಹಿಡಿಯುತ್ತದೆ: ಒಂದರಲ್ಲಿ ವಿಷ ಕಡಿಮೆಯಾದ ಡಯಾಲ್ ಆಗುತ್ತದೆ, ಇನ್ನೊಂದರಲ್ಲಿ ಮೂಲದಷ್ಟೇ ವಿಷಕಾರಿಯಾದ, ಅದಕ್ಕಿಂತ ಹೆಚ್ಚು ಕಾಲ ಉಳಿಯುವ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆಕಾಶದಿಂದ ಮರ, ಮನೆ, ಬಾವಿ ಎನ್ನದೆ ಸುರಿದ ವಿಷವನ್ನು ಯಾವ ಮಣಿಯ ಕೊಳವೆಯ ಮೂಲಕ ಹಾಯಿಸಲು ಸಾಧ್ಯ? ಸುಪ್ರೀಂ ಕೋರ್ಟ್ 2011ರ ಮೇ 13ರಂದು ಅದನ್ನು ತಡೆಯಿತು. ತಯಾರಿಕೆ, ಮಾರಾಟಗಳನ್ನು ನಿಲ್ಲಿಸಿದ ಆ ಆದೇಶ ಮಾಡಿದ ಕೆಲಸವನ್ನು ಯಾವ ಕಿಣ್ವವೂ ಮಾಡಲಾರದು, ಮತ್ತು ಅದು ಇನ್ನೂ ಬಹಳ ಮೊದಲೇ ಬರಬೇಕಿತ್ತು. ನಿಮ್ಮ ಅಂಗನವಾಡಿಯ ಸುತ್ತಮುತ್ತ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ತಾಯಂದಿರ ಬಗ್ಗೆ ಬರೆದಿದ್ದೀರಿ. ಅವರಿಗೆ ಬೇಕಾಗಿರುವುದು ಪಿಂಚಣಿ, ಔಷಧಿ, ಹಗಲುಹೊತ್ತಿನ ಆರೈಕೆ ಕೇಂದ್ರ. ಮಣ್ಣು ಶುದ್ಧಿಯ ಸಂಶೋಧನೆಯನ್ನು ತೋರಿಸಿ ಇವನ್ನು ಮುಂದೂಡಲು ಯಾರೂ ಅವಕಾಶ ಕೊಡಬಾರದು.

ಪ್ರಶ್ನೆ: ಜೀನ್ಸ್ ವಾಶಿಂಗ್ ಘಟಕದಲ್ಲಿ ಕೆಲಸ ಮಾಡುತ್ತೇನೆ. ನಾವು ‘ಎಂಜೈಮ್ ವಾಶ್’ ಮಾಡಿ ನೀಲಿ ನೀರನ್ನು ಚರಂಡಿಗೆ ಬಿಡುತ್ತೇವೆ. ಆ ನೀಲಿಯನ್ನೂ ಎಂಜೈಮಿನಿಂದಲೇ ತೆಗೆಯಬಹುದೇ? — ಓದುಗರು, ಬಳ್ಳಾರಿ

ಉತ್ತರ: ತೆಗೆಯಬಹುದು, ಆದರೆ ನಿಮ್ಮ ವಾಶಿನ ಕಿಣ್ವದಿಂದಲ್ಲ. ಬಟ್ಟೆಗೆ ಹಳತಾದ ನೋಟ ಕೊಡಲು ಬಳಸುವ ಸೆಲ್ಯುಲೇಸ್ ಹತ್ತಿಯ ಮೇಲ್ಪದರವನ್ನು ಕೆರೆಯುತ್ತದೆ, ಬಣ್ಣವನ್ನು ಒಡೆಯುವುದಿಲ್ಲ. ಕಿತ್ತುಬಂದ ನೀಲಿ ನೀರಿಗೆ ಸೇರುತ್ತದೆ ಅಷ್ಟೇ. ನೀಲಿಯ ಅಣುವನ್ನೇ ಒಡೆಯುವುದು ಶಿಲೀಂಧ್ರಗಳ ಲ್ಯಾಕೇಸ್. 1883ರಲ್ಲಿ ಜಪಾನಿನ ಯೋಶಿದಾ ಎಂಬವರು ಅರಗಿನಂಥ ಮೆರುಗು ಕೊಡುವ ಮರದ ಹಾಲಿನಲ್ಲಿ ಇದನ್ನು ಮೊದಲು ಗುರುತಿಸಿದರು. ತನ್ನೊಳಗೆ ನಾಲ್ಕು ತಾಮ್ರದ ಪರಮಾಣುಗಳನ್ನು ಇಟ್ಟುಕೊಂಡಿರುವ ಈ ಕಿಣ್ವ ಗಾಳಿಯ ಆಮ್ಲಜನಕವನ್ನೇ ಬಳಸಿ ಕೆಲಸ ಮಾಡುತ್ತದೆ. ಇಂಡಿಗೋ ಇದರಿಂದ ಐಸಾಟಿನ್ ಎಂಬ ವಸ್ತುವಾಗಿ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಮಣಿಗೆ ಕಟ್ಟಿದ ಲ್ಯಾಕೇಸ್ ಪ್ರಯೋಗಾಲಯದಲ್ಲಿ ಇದನ್ನು ಹಲವು ಸಲ ಮಾಡಿತೋರಿಸಿದೆ.

ಆದರೆ ನಿಮ್ಮ ಚರಂಡಿಯ ನೀರು ಪ್ರಯೋಗಾಲಯದ ನೀರಲ್ಲ. ಅದರಲ್ಲಿ ಬ್ಲೀಚ್ ಇದೆ, ಅದು ಕಿಣ್ವವನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಉಪ್ಪಿನ ಕ್ಲೋರೈಡ್ ಲ್ಯಾಕೇಸ್‌ನ ಕೈ ಕಟ್ಟುತ್ತದೆ. ಶಿಲೀಂಧ್ರದ ಲ್ಯಾಕೇಸ್ ತುಸು ಹುಳಿಯ ನೀರನ್ನು ಬಯಸುತ್ತದೆ, ನಿಮ್ಮ ನೀರು ಸೋಡಾದಿಂದ ಕ್ಷಾರವಾಗಿರುತ್ತದೆ. ನೂಲಿನ ಎಳೆಗಳೂ ಗಂಜಿಯೂ ಮಣಿಗಳ ಸಂದು ಮುಚ್ಚುತ್ತವೆ. ಆದ್ದರಿಂದ ಮೊದಲು ಬ್ಲೀಚಿನ ನೀರನ್ನು ಬೇರೆ ತೊಟ್ಟಿಗೆ ತಿರುಗಿಸಿ, ಎಳೆಗಳನ್ನು ಜಾಲರಿಯಲ್ಲಿ ಸೋಸಿ, ಹುಳಿ–ಕ್ಷಾರ ಸರಿದೂಗಿಸಿ, ಆಮೇಲೆ ಉಳಿದದ್ದಕ್ಕೆ ಕಿಣ್ವದ ಮಾತು. ಇಷ್ಟನ್ನು ಒಂದು ಸಣ್ಣ ಘಟಕ ಒಂಟಿಯಾಗಿ ಮಾಡಲಾರದು. ಹಲವು ಘಟಕಗಳಿಗೆ ಸೇರಿ ಒಂದು ಸಾಮೂಹಿಕ ಶುದ್ಧೀಕರಣ ಘಟಕ ಇರಬೇಕೆಂದು ಕೆಲಸಗಾರರೂ ಮಾಲೀಕರೂ ಒಟ್ಟಾಗಿ ಕೇಳುವುದು ನ್ಯಾಯ. ಇನ್ನೊಂದು ಎಚ್ಚರಿಕೆ: ಬಣ್ಣ ಹೋದರೆ ವಿಷವೂ ಹೋಯಿತೆಂದಲ್ಲ. ಅಜೋ ಎಂಬ ಗುಂಪಿನ ಬಣ್ಣಗಳನ್ನು ಗಾಳಿಯಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಒಡೆದಾಗ ನೀರು ತಿಳಿಯಾಗುತ್ತದೆ, ಆದರೆ ಅದರಲ್ಲಿ ಉಳಿಯುವ ಕೆಲವು ಅಮೈನ್‌ಗಳು ಕ್ಯಾನ್ಸರ್ ತರಬಲ್ಲವು.

ಪ್ರಶ್ನೆ: ಔಷಧಿ ಹೊಡೆದ ದಿನ ನಮ್ಮ ಅಪ್ಪನಿಗೆ ತಲೆಸುತ್ತು, ಬೆವರು, ಬಾಯಲ್ಲಿ ಜೊಲ್ಲು. ಮರುದಿನ ಸರಿಹೋಗುತ್ತದೆ ಎಂದು ಸುಮ್ಮನಿರುತ್ತಾರೆ. ಮೈಯೊಳಗಿನ ವಿಷ ಒಡೆಯುವ ಕಿಣ್ವದ ಮಾತ್ರೆ ಬಂದಿದೆಯೇ? — ಪದವಿ ವಿದ್ಯಾರ್ಥಿ, ದಾವಣಗೆರೆ ಜಿಲ್ಲೆ

ಉತ್ತರ: ಮಾತ್ರೆಯಿಲ್ಲ. ಫಾಸ್ಫೋಟ್ರೈಎಸ್ಟರೇಸ್ ಕುಲದ ಕಿಣ್ವಗಳನ್ನು ರಕ್ತಕ್ಕೆ ಕೊಟ್ಟು ಪ್ರಾಣಿಗಳನ್ನು ಕಾಪಾಡಿದ ಪ್ರಯೋಗಗಳಿವೆ. ಹೊಟ್ಟೆಗೆ ನುಂಗಿದರೆ ಪ್ರೋಟೀನಾದ ಕಿಣ್ವ ಊಟದ ಬೇಳೆಯಂತೆ ಜೀರ್ಣವಾಗಿಬಿಡುತ್ತದೆ. ನಮ್ಮ ರಕ್ತದಲ್ಲೂ ಪ್ಯಾರಾಆಕ್ಸೋನೇಸ್ ಎಂಬ ಕಿಣ್ವ ಇದೆ. ಕೊಲೆಸ್ಟರಾಲ್ ಪರೀಕ್ಷೆಯ ಚೀಟಿಯಲ್ಲಿ ಎಚ್‌ಡಿಎಲ್ ಎಂದು ಬರೆದಿರುತ್ತದಲ್ಲ, ಆ ಕಣಗಳಿಗೆ ಅಂಟಿಕೊಂಡೇ ಅದು ಓಡಾಡುತ್ತದೆ. ಅದರ ಸಾಮರ್ಥ್ಯ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ, ಎಳೆಯ ಮಕ್ಕಳಲ್ಲಿ ತೀರ ಕಡಿಮೆ. ಪಕ್ಕದ ಹೊಲದವರಿಗೆ ಏನೂ ಆಗಲಿಲ್ಲ ಎಂಬುದು ನಿಮ್ಮ ತಂದೆಯವರಿಗೆ ಧೈರ್ಯ ಹೇಳುವ ಮಾತಲ್ಲ.

ನೀವು ಬರೆದ ಬೆವರು, ಜೊಲ್ಲು, ತಲೆಸುತ್ತುಗಳು ಆರ್ಗನೊಫಾಸ್ಫೇಟ್ ವಿಷದ ಸ್ಪಷ್ಟ ಲಕ್ಷಣಗಳು. ನರಗಳ ಸಂದೇಶವನ್ನು ನಿಲ್ಲಿಸುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ನಮ್ಮದೇ ಕಿಣ್ವವನ್ನು ಆ ವಿಷ ಕಟ್ಟಿಹಾಕುತ್ತದೆ. ಮರುದಿನ ಹಗುರವೆನಿಸಿದರೂ ಆ ಕಿಣ್ವ ಪೂರ್ತಿ ಚೇತರಿಸಿಕೊಳ್ಳಲು ವಾರಗಳು ಹಿಡಿಯುತ್ತವೆ, ಅಷ್ಟರಲ್ಲಿ ಮತ್ತೆ ಔಷಧಿ ಹೊಡೆದರೆ ಹಳೆಯ ನಷ್ಟದ ಮೇಲೆ ಹೊಸದು ಸೇರುತ್ತದೆ. ಮುಂದಿನ ಸಲ ಲಕ್ಷಣ ಕಂಡ ತಕ್ಷಣ ಬಟ್ಟೆ ಕಳಚಿಸಿ, ಸೋಪು ಹಚ್ಚಿ ಮೈತುಂಬ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಅಟ್ರೋಪಿನ್ ಮತ್ತು ಅಗತ್ಯವೆನಿಸಿದರೆ ಪ್ರಾಲಿಡಾಕ್ಸಿಮ್ ಕೊಡುತ್ತಾರೆ. ಹೊರಡುವಾಗ ಔಷಧಿಯ ಡಬ್ಬಿಯನ್ನು, ಸೋರದಂತೆ ಚೀಲದಲ್ಲಿ ಕಟ್ಟಿ, ಜೊತೆಗೆ ಒಯ್ಯಿರಿ. ಯಾವ ಕುಟುಂಬದ ವಿಷ ಎಂಬುದು ಅದರ ಚೀಟಿಯಿಂದ ತಿಳಿದರೆ ವೈದ್ಯರಿಗೆ ಚಿಕಿತ್ಸೆ ನಿರ್ಧರಿಸಲು ಬಹಳ ಅನುಕೂಲವಾಗುತ್ತದೆ. ಈ ತಿಂಗಳು ಹೊಲಕ್ಕೆ ಔಷಧಿ ಹೊಡೆಯುವ ಕೆಲಸವನ್ನು ಅಪ್ಪ ಮಾಡಬಾರದು.